ಗಿಳಿಯ ಬಾಯಲ್ಲಿ ‘ಅಮ್ಮ’

ಕಳೆದ ನವರಾತ್ರಿಯಲ್ಲಿ ಹ್ಯಾರೋದ ನಮ್ಮ ಮನೆಗೆ ಗೊಂಬೆ ನೋಡಲು ಬಂದವರಲ್ಲಿ ಹಲವರು, ಪಟ್ಟದ ಗೊಂಬೆಗಳ ಪಕ್ಕದಲ್ಲಿ ಕೂತು ಕನ್ನಡ ಮಾತಾಡುತ್ತಿದ್ದ ಗಿಳಿಯನ್ನು ನೋಡಿ “ಇದನ್ನು ಹೇಗೆ ಮಾಡಿದಿರಿ?” ಎಂದು ಕೇಳಿದ್ದಿರಿ. ಉಸಲಿ ಹಂಚುವ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಈ ಬರಹ.

ಹೀಗೆ ಯಂತ್ರದ ಬಲದಿಂದ ಜೀವವಿದ್ದಂತೆ ಆಡುವ ಗೊಂಬೆಗಳಿಗೆ ಅನಿಮೆಟ್ರಾನಿಕ್ಸ್ ಎನ್ನುತ್ತಾರೆ. ಸೌತ್ ಕೆನ್ಸಿಂಗ್ಟನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ತಲೆ ತಿರುಗಿಸಿ ಘರ್ಜಿಸುವ ಟಿ. ರೆಕ್ಸ್ ಅಂಥದ್ದೇ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗದವರು ನಮ್ಮಲ್ಲಿ ಯಾರಿದ್ದಾರೆ? ಅಲ್ಲಿಂದ ಎಕ್ಸಿಬಿಷನ್ ರೋಡ್ ದಾಟಿದರೆ ವಿ ಅಂಡ್ ಎ ಮ್ಯೂಸಿಯಂ. ಅದರೊಳಗೆ ಟಿಪ್ಪುವಿನ ಹುಲಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಕೈಸೇರಿದ್ದು. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಅದರ ಕೆಳಗೆ ಬಿದ್ದಿರುವ ಯುರೋಪಿಯನ್ನನ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ನರಳಾಟವೂ ಕೇಳುತ್ತದೆ. (ಈಗ ನೋಡಲು ಹೋದವರಿಗೆ ಹಿಡಿ ಮುಟ್ಟಲು ಬಿಡುವುದಿಲ್ಲ.) ಯಾವುದು ಯಾವಾಗ ಆಡಬೇಕು ಎನ್ನುವುದು ಅದರ ಗೇರು, ತಿದಿಗಳಲ್ಲೇ ಕಟ್ಟಿಹೋಗಿದೆ. ಬದಲಾಯಿಸಬೇಕಾದರೆ ಹುಲಿಯ ಹೊಟ್ಟೆ ಬಿಚ್ಚಬೇಕು!

ಆ ಗೇರುಗಳು ಮಾಡುವ ಕೆಲಸವನ್ನು ಇವತ್ತು ಟೈಮ್‌ಲೈನ್ ಸಾಫ್ಟ್‌ವೇರ್ ಮಾಡುತ್ತದೆ. ಮನೆಯಲ್ಲಿ ನಾಮಕರಣದ ವಿಡಿಯೋ ಎಡಿಟ್ ಮಾಡಿದವರಿಗೆ ಇದರ ಪರದೆ ಪರಿಚಿತವೇ. ಎಡದಿಂದ ಬಲಕ್ಕೆ ಕಾಲ ಓಡುತ್ತದೆ, ಒಂದರ ಕೆಳಗೊಂದು ಸಾಲುಗಳಿರುತ್ತವೆ. ನನ್ನ ಗಿಳಿಗೆ ಮೇಲಿನ ಸಾಲು ಧ್ವನಿ. ಕೆಳಗೆ ಕೊಕ್ಕು, ಕುತ್ತಿಗೆ, ರೆಕ್ಕೆ. ಈ ಮೂರಕ್ಕೂ ಒಂದೊಂದು ಸರ್ವೋ ಮೋಟಾರ್. ಬೇಕಾದ ಕ್ಷಣದಲ್ಲಿ ಒಂದು ಚುಕ್ಕೆ ಇಟ್ಟು “ಈಗ ಕೊಕ್ಕು 20 ಡಿಗ್ರಿ ತೆರೆದಿರಲಿ” ಎಂದು ಹೇಳಿದರೆ ಆಯಿತು. ಇದಕ್ಕೆ ಕೀಫ್ರೇಮ್ ಎಂದು ಹೆಸರು. ಎರಡು ಚುಕ್ಕೆಗಳ ನಡುವಿನ ದಾರಿಯನ್ನು ಸಾಫ್ಟ್‌ವೇರೇ ಎಳೆದುಕೊಳ್ಳುತ್ತದೆ. ಆ ಗೆರೆ ನೇರವಾಗಿದ್ದರೆ ಗಿಳಿ ರೈಲ್ವೆ ಕೈಕಂಬದ ಹಾಗೆ ಆಡುತ್ತದೆ. ನಿಧಾನವಾಗಿ ಹೊರಟು ನಿಧಾನವಾಗಿ ನಿಲ್ಲುವ ಹಾಗೆ ಬಾಗಿಸಿದರೆ ಮಾತ್ರ ಪ್ರಾಣಿಯ ಹಾಗೆ ಕಾಣುತ್ತದೆ.

ನಾನು ಬಳಸಿದ್ದು ಬ್ಲೆಂಡರ್, ಅದು ಉಚಿತ. ಸಣ್ಣದೊಂದು ಪೈಥಾನ್ ಪ್ರೋಗ್ರಾಮ್ ಸೆಕೆಂಡಿಗೆ 25 ಸಲ ಪ್ರತಿ ಸಾಲಿನ ಬೆಲೆಯನ್ನು ಆರ್ಡುಯಿನೋ ಬೋರ್ಡಿಗೆ ಕಳಿಸುತ್ತದೆ. ಬೋರ್ಡು ಪ್ರತಿ 20 ಮಿಲಿಸೆಕೆಂಡಿಗೆ ಒಮ್ಮೆ ಮೋಟಾರಿಗೆ ಒಂದು ಪಲ್ಸ್ ಕೊಡುತ್ತದೆ. ಅದರ ಅಗಲ ಸುಮಾರು 1ರಿಂದ 2 ಮಿಲಿಸೆಕೆಂಡ್. ಎಷ್ಟು ಅಗಲವೋ ಅದಕ್ಕೆ ತಕ್ಕ ಕೋನ. 1963ರಲ್ಲಿ ಡಿಸ್ನಿಲ್ಯಾಂಡಿನ ಟಿಕಿ ರೂಮಿನಲ್ಲಿ ಹಕ್ಕಿಗಳನ್ನು ಹಾಡಿಸಿದಾಗ ಇದೆಲ್ಲ ಮ್ಯಾಗ್ನೆಟಿಕ್ ಟೇಪಿನ ಮೇಲೆ ಇತ್ತು.

ಇಷ್ಟರವರೆಗೆ ಸುಲಭ. ಕಷ್ಟವಿರುವುದು ಬಾಯಿಯಲ್ಲಿ.

ಗಿಳಿಯ ಧ್ವನಿ ನಮ್ಮತ್ತೆಯವರದು. ಮೈಸೂರಿನಿಂದ ಇಲ್ಲಿಯವರೆಗೆ ವಿಮಾನದಲ್ಲಿ ಕೂರಲು ಅವರಿಗೀಗ ಆಗುವುದಿಲ್ಲ. ಆಮೆ ಮತ್ತು ಎಮ್ಮೆಯ ಒಂದು ಕಥೆಯನ್ನು ವಾಟ್ಸಾಪಿನಲ್ಲಿ ಹೇಳಿ ಕಳಿಸಿದ್ದರು. ಧ್ವನಿ ಜೋರಾದಾಗ ಬಾಯಿ ತೆರೆ, ಕಡಿಮೆಯಾದಾಗ ಮುಚ್ಚು ಎನ್ನುವ ಆಟೋಮ್ಯಾಟಿಕ್ ವಿಧಾನ ಒಂದಿದೆ. ‘ಬಾ’, ‘ಹೋಗು’ ಎಂಬಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ‘ಅಮ್ಮ’ದಲ್ಲಿ ಸೋಲುತ್ತದೆ. ಯಾಕೆಂದರೆ ‘ಮ್ಮ’ ಅನ್ನುವಾಗ ತುಟಿ ಮುಚ್ಚಿದ್ದರೂ ಮೂಗಿನಿಂದ ಧ್ವನಿ ಬರುತ್ತಲೇ ಇರುತ್ತದೆ. ಕಂಪ್ಯೂಟರಿಗೆ ಗೊತ್ತಾಗುವುದು ಸದ್ದು ಮಾತ್ರ, ತುಟಿಯಲ್ಲ. ಗಿಳಿ ಬಾಯಿ ಬಿಟ್ಟುಕೊಂಡೇ ‘ಅಮ್ಮ’ ಎನ್ನುತ್ತದೆ, ನೋಡುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ. ‘ಸ’, ‘ಶ’ಗಳಲ್ಲೂ ಇದೇ ತೊಂದರೆ: ಹಲ್ಲು ಕೂಡಿರಬೇಕಾದಲ್ಲಿ ಕೊಕ್ಕು ಅಗಲಿಸುತ್ತದೆ.

ಹಾಗಾಗಿ ಪ, ಬ, ಮ ಬಂದಲ್ಲೆಲ್ಲ ಕೊಕ್ಕು ಮುಚ್ಚುವ ಚುಕ್ಕೆಗಳನ್ನು ಕೈಯಿಂದಲೇ ಇಡಬೇಕಾಯಿತು. ಆ ಕೆಲಸಕ್ಕೆ ಕೂತವಳು ಒಂಬತ್ತು ವರ್ಷದ ಮಗಳು. ಅವಳ ಬಾಯಲ್ಲಿ ‘ಎಮ್ಮೆ’ ಯಾವಾಗಲೂ ‘ಎಮೆ’. ಅದು ಅವಳ ತಪ್ಪಲ್ಲ. ಇಂಗ್ಲಿಷಿನ ‘ಹ್ಯಾಪಿ’ಯಲ್ಲಿ ಬರೆಯುವುದು ಎರಡು ಪಿ, ಕೇಳುವುದು ಒಂದೇ. ನಮ್ಮಲ್ಲಿ ಒತ್ತು ಬರವಣಿಗೆಯಲ್ಲಿ ಮಾತ್ರವಲ್ಲ, ಕಾಲದಲ್ಲೂ ಇದೆ. ಅಜ್ಜಿಯ ‘ಆಮೆ’ಯಲ್ಲಿ ತುಟಿ ಮುಚ್ಚಿದ್ದು ಎರಡು ಫ್ರೇಮ್, ‘ಎಮ್ಮೆ’ಯಲ್ಲಿ ಐದು. ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಅವಳೇ ಧ್ವನಿಯ ಅಲೆಯ ಮೇಲೆ ಬೆರಳಿಟ್ಟು ಎಣಿಸಿದಳು. “ಅಜ್ಜಿ ಇಲ್ಲಿ ವೇಟ್ ಮಾಡ್ತಾರೆ!” ಎಂದಳು. ಸಜಾತೀಯ ಒತ್ತಕ್ಷರವನ್ನು ನಾನು ಎಷ್ಟೋ ಸಲ ಹೇಳಿಕೊಟ್ಟಿದ್ದೆ, ಇಷ್ಟು ಚೆನ್ನಾಗಿ ಅಲ್ಲ. ಆಮೇಲೆ ಅವಳೇ ನಾಲ್ಕೈದು ಸಲ ‘ಎಮ್ಮೆ’ ಎಂದು ಹೇಳಿ ನೋಡಿಕೊಂಡಳು.

ಮೋಟಾರಿಗೂ ಸ್ವಲ್ಪ ಸಮಯ ಬೇಕು. 60 ಡಿಗ್ರಿ ತಿರುಗಲು 0.12 ಸೆಕೆಂಡ್ ಎಂದು ಬರೆದಿದ್ದರೆ 20 ಡಿಗ್ರಿಗೆ 0.04, ಅಂದರೆ ಒಂದು ಫ್ರೇಮ್. ಕೊಕ್ಕಿನ ಭಾರ ಸೇರಿದರೆ ಇನ್ನೂ ಹೆಚ್ಚು. ಆದ್ದರಿಂದ ಕೊಕ್ಕಿನ ಸಾಲನ್ನು ಪೂರ್ತಿಯಾಗಿ ಎರಡು ಫ್ರೇಮ್ ಮುಂಚೆ ಸರಿಸಿ. ಕುತ್ತಿಗೆ ಇನ್ನೂ ಮುಂಚೆ ತಿರುಗಲಿ. ನಾವು ಕೂಡ ಮೊದಲು ತಿರುಗಿ ನೋಡುತ್ತೇವೆ, ಆಮೇಲೆ ಮಾತಾಡುತ್ತೇವೆ. ಕುತ್ತಿಗೆಗೆ ಒಂದೊಂದೇ ಚುಕ್ಕೆ ಇಡುತ್ತ ಕೂರಬೇಡಿ. ಕಥೆ ಕೇಳುತ್ತ ಜಾಯ್‌ಸ್ಟಿಕ್ ಆಡಿಸಿ ರೆಕಾರ್ಡ್ ಮಾಡಿಕೊಂಡು, ಹೆಚ್ಚಾದದ್ದನ್ನು ಅಳಿಸಿ. 2005ರವರೆಗೆ ಲಂಡನ್ನಿನಲ್ಲಿದ್ದ ಜಿಮ್ ಹೆನ್ಸನ್ ಕ್ರೀಚರ್ ಶಾಪ್‌ನಲ್ಲೂ ಗೊಂಬೆಯಾಟದವರ ಕೈಚಳಕವನ್ನೇ ಕಂಪ್ಯೂಟರಿನ ಮೂಲಕ ಮೋಟಾರುಗಳಿಗೆ ದಾಟಿಸುತ್ತಿದ್ದರು.

ಮಾಡಿ ನೋಡುವವರಿಗೆ ಎರಡು ಮಾತು. ಮೋಟಾರುಗಳಿಗೆ ಬೇರೆ ಪವರ್ ಸಪ್ಲೈ ಕೊಡಿ. ಮೂರನ್ನೂ ಯುಎಸ್‌ಬಿಯಿಂದ ಓಡಿಸಹೋದರೆ ಬೋರ್ಡು ಮಧ್ಯದಲ್ಲೇ ರೀಸೆಟ್ ಆಗಬಹುದು. ಎರಡೂ ಸಪ್ಲೈಗಳ ಗ್ರೌಂಡ್ ತಂತಿ ಒಂದೇ ಕಡೆ ಸೇರಿರಲಿ. ಪ್ರತಿ ಮೋಟಾರಿಗೂ ಪ್ರೋಗ್ರಾಮಿನಲ್ಲಿ ಕನಿಷ್ಠ, ಗರಿಷ್ಠ ಕೋನ ಕಟ್ಟಿಹಾಕಿ, ಮಕ್ಕಳ ಬೆರಳು ಕೊಕ್ಕಿನ ಹತ್ತಿರ ಬಂದೇ ಬರುತ್ತದೆ. ಫೈಲು ಬೇಕಾದವರು ಯುಗಾದಿ ಕಾರ್ಯಕ್ರಮಕ್ಕೆ ಬರುವಾಗ ಪೆನ್‌ಡ್ರೈವ್ ತನ್ನಿ. ಅಜ್ಜಿಯ ಕಥೆ ಮಾತ್ರ ನಿಮ್ಮ ಮನೆಯದೇ ಆಗಬೇಕು.