ರೋಗಿಗೆ ಉತ್ತತ್ತಿ, ಅಂಜೂರದ ಬಿಸಿ ಸಿಹಿಸಾರು

ಜ್ವರ ಇಳಿದ ಮೇಲೂ ಬಾಯಿಗೆ ರುಚಿ ಬಾರದ ರೋಗಿಗೆ ಏನು ಕೊಡಬೇಕೆಂದು ತಾವು ಕೇಳುತ್ತೀರಿ. ಬಿಸ್ಕತ್ತು, ಪೊಟ್ಟಣದ ಜ್ಯೂಸುಗಳಿಗಿಂತ ಮನೆಯಲ್ಲಿ ಮಾಡುವ ಒಣಹಣ್ಣಿನ ಬಿಸಿ ಸಿಹಿಸಾರು ಲೇಸು. ತೆಲಿಗಿ, ಹರಪನಹಳ್ಳಿ, ಕೊಟ್ಟೂರು ಕಡೆ ಉತ್ತತ್ತಿಗೆ ಬರವಿಲ್ಲ. ತೇರಿಗೆ ಬಾಳೆಹಣ್ಣು, ಉತ್ತತ್ತಿ ಎಸೆಯುವ ಸೀಮೆ ಇದು. ಅಂಜೂರವೂ ಬಳ್ಳಾರಿ ಸೀಮೆಯ ಬೆಳೆಯೇ. (ತೇರಿನ ಬಳಿ ನೆಲದಿಂದ ಆಯ್ದ ಉತ್ತತ್ತಿಯನ್ನು ಗಟ್ಟಿಮುಟ್ಟಾದವರು ತೊಳೆದು ತಿನ್ನಲಿ. ರೋಗಿಗೆ ಅಂಗಡಿಯಿಂದ ಬೇರೆ ತನ್ನಿರಿ.)

6 ಉತ್ತತ್ತಿ, 4 ಒಣ ಅಂಜೂರ, 2 ಚಮಚ ಒಣದ್ರಾಕ್ಷಿಯನ್ನು ಎರಡು ಸಲ ತೊಳೆದು, ಮುಳುಗುವಷ್ಟು ಬಿಸಿನೀರಿನಲ್ಲಿ 2 ಗಂಟೆ ಮುಚ್ಚಿಡಿ. ಬೇಸಿಗೆಯಲ್ಲಿ ರಾತ್ರಿಯಿಡೀ ನೆನೆಸಿದರೆ ಹುಳಿ ಬರುತ್ತದೆ. ಬೀಜ ತೆಗೆದು ಸಣ್ಣಗೆ ಹೆಚ್ಚಿ, ನೆನೆಸಿದ ನೀರಿನ ಸಮೇತ 4 ಲೋಟ ನೀರಿನಲ್ಲಿ ಸಣ್ಣ ಉರಿಯ ಮೇಲೆ ಅರ್ಧ ಗಂಟೆ ಕುದಿಸಿರಿ. ಬೇರೆಯಾಗಿ ನೆನೆಸಿದ 2 ಚಮಚ ಸಾಬೂದಾನಿಯನ್ನು ನಡುವೆ ಹಾಕಿ. ಕಾಳು ಪಾರದರ್ಶಕವಾದರೆ ಬೆಂದಿತು. ಇಳಿಸಿದ ಮೇಲೆ ಏಲಕ್ಕಿ, ಚಿಟಿಕೆ ಒಣಶುಂಠಿ, ಅರ್ಧ ನಿಂಬೆಯ ರಸ ಸೇರಿಸಿ. ಕುದಿಯುವಾಗ ನಿಂಬೆ ಹಿಂಡಿದರೆ ಅದರ ಸಿ ಜೀವಸತ್ವ ಒಂದಷ್ಟು ಹಾಳು. ನಿಂಬೆ ಹಾಕಿದ ಮೇಲೆ ಹಾಲು ಬೇಡ, ಒಡೆಯುತ್ತದೆ. ಬೆಲ್ಲದ ಅಗತ್ಯ ಬೀಳುವುದಿಲ್ಲ, ಹಣ್ಣಿನ ಸಿಹಿಯೇ ಸಾಕು.

ಇದರ ನಾರಿನಂಶದಿಂದ ಮಲಬದ್ಧತೆ ಸಡಿಲವಾಗುತ್ತದೆ. ಕಬ್ಬಿಣದ ಮಾತ್ರೆ ನುಂಗುತ್ತಿರುವ ಬಾಣಂತಿಯರಿಗೆ ಇದು ಹಿತ. ಆದರೆ ಉತ್ತತ್ತಿ ತಿಂದರೆ ರಕ್ತ ಆಗುತ್ತದೆಂದು ಮಾತ್ರೆ ಬಿಡಬಾರದು. ಅದರಲ್ಲಿರುವ ಕಬ್ಬಿಣ ರಕ್ತಹೀನತೆಗೆ ಸಾಲದು.

ಈಗ ಮುಖ್ಯ ಮಾತು. ಪ್ರೀತಿಯಿಂದ ತಂದ ಡಬ್ಬಿಯೇ ಕೆಲವರಿಗೆ ಅಪಾಯ ತರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇದು ಬೇಡ. ಒಣಗಿದ ಹಣ್ಣಿನಲ್ಲಿ ನೀರು ಹೋಗಿ ಸಕ್ಕರೆ ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ. 'ಇದು ದೇವರು ಕೊಟ್ಟ ಸಿಹಿ' ಎಂಬುದನ್ನು ರಕ್ತ ಕೇಳುವುದಿಲ್ಲ, ಬೆಲ್ಲದ ಕಥೆಯೂ ಅಷ್ಟೇ. ಮೂತ್ರಪಿಂಡದ ತೊಂದರೆ ಇರುವವರಿಗೆ, ಡಯಾಲಿಸಿಸ್ ಮಾಡಿಸುವವರಿಗೆ ವೈದ್ಯರನ್ನು ಕೇಳದೆ ಒಂದು ಚಮಚವನ್ನೂ ಕೊಡಬೇಡಿರಿ. ಒಣಹಣ್ಣಿನ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಬೇಯಿಸಿದಾಗ ಅದು ನೀರಿಗಿಳಿಯುವುದರಿಂದ ಬರೀ ಸಾರನ್ನು ಬಸಿದು ಕೊಟ್ಟರೂ ಕೇಡೇ.

ಲಕ್ವ ಹೊಡೆದವರಿಗೆ ತೆಳು ಪದಾರ್ಥ ಸುಲಭವೆಂದು ತಿಳಿಯುವುದು ತಪ್ಪು. ತೆಳು ಸಾರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಗೆ ಏನನ್ನೂ ಹಾಕಬೇಡಿರಿ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಗೆ ವೈದ್ಯರು ಹೇಳಿದ ದಿನದಿಂದಲೇ, ಮೊದಲು ಬಸಿದ ಸಾರು, ಆಮೇಲೆ ಹಣ್ಣು.

ಉಳಿದದ್ದನ್ನು 2 ಗಂಟೆಯೊಳಗೆ ಫ್ರಿಜ್‌ನಲ್ಲಿಟ್ಟು ಮರುದಿನ ಕುದಿಸಿ ಕೊಡಬಹುದು. ಫ್ರಿಜ್ ಇಲ್ಲದ ಮನೆಯವರು ಒಂದು ಹೊತ್ತಿಗೆ ಬೇಕಾದಷ್ಟೇ ಮಾಡಿರಿ. ವಾರ್ಡಿಗೆ ತರುವಾಗ ಡಬ್ಬಿಯನ್ನು ಮೊದಲು ನರ್ಸ್‌ಗೆ ತೋರಿಸಿರಿ.