ಎದೆನೋವಿಗೆ ತೊಡೆಯವರೆಗೆ ಸ್ಕ್ಯಾನ್ ಏಕೆ?

ಎದೆನೋವೆಂದು ಬಂದವರಿಗೆ ಕುತ್ತಿಗೆಯಿಂದ ತೊಡೆಯ ಬುಡದವರೆಗೆ ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟಾಗ ರೋಗಿಯ ಕಡೆಯವರು ಗಾಬರಿಯಾಗುತ್ತಾರೆ. ಕಾರಣ ಕೇಳುವುದು ತಮ್ಮ ಹಕ್ಕು.

ಹೃದಯದಿಂದ ಹೊರಟು ದೇಹಕ್ಕೆಲ್ಲ ರಕ್ತ ಒಯ್ಯುವ ದೊಡ್ಡ ನಾಳವೇ ಮಹಾಪಧಮನಿ. ಅದರ ಗೋಡೆಗೆ ಮೂರು ಪದರಗಳಿವೆ. ಒಳಪದರ ಹರಿದರೆ ರಕ್ತವು ಗೋಡೆಯೊಳಕ್ಕೆ ನುಗ್ಗಿ ಪದರಗಳನ್ನು ಸೀಳುತ್ತಾ ಸಾಗುತ್ತದೆ. ಬಹುಕಾಲ ಹತೋಟಿಗೆ ಬಾರದ ಬಿ.ಪಿ. ಇದಕ್ಕೆ ಮುಖ್ಯ ಕಾರಣ. ಎದೆಯಲ್ಲೋ ಬೆನ್ನಿನಲ್ಲೋ ಒಮ್ಮೆಲೇ ಸಹಿಸಲಾಗದ ನೋವು ಬರುತ್ತದೆ.

ಈ ಸೀಳು ಯಾವ ಕವಲುನಾಳವನ್ನು ಮುಚ್ಚುತ್ತದೋ ಆ ಅಂಗದ ಕಾಯಿಲೆಯಂತೆಯೇ ತೋರುತ್ತದೆ. ಮಿದುಳಿನದಾದರೆ ಲಕ್ವ, ಕರುಳಿನದಾದರೆ ಹೊಟ್ಟೆನೋವು, ಬೆನ್ನುಹುರಿಯದಾದರೆ ಎರಡೂ ಕಾಲುಗಳ ಸ್ವಾಧೀನ ತಪ್ಪುವುದು. ಹೃದಯದ ನಾಳಕ್ಕೇ ತಗುಲಿದರೆ ಇ.ಸಿ.ಜಿ.ಯಲ್ಲಿ ಹೃದಯಾಘಾತದಂತೆ ಕಾಣುತ್ತದೆ. ಇಲ್ಲಿ ಎಚ್ಚರ ತಪ್ಪಬಾರದು. ಹೃದಯಾಘಾತವೆಂದು ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರೆ ಪ್ರಾಣಕ್ಕೇ ಅಪಾಯ.

ಇನ್ನೂ ಅಪರೂಪದ್ದೊಂದಿದೆ. ಮಹಾಪಧಮನಿ ಮತ್ತು ಶ್ವಾಸಕೋಶದ ದೊಡ್ಡ ನಾಳ ಬುಡದಲ್ಲಿ ಒಂದೇ ಹೊರಪೊರೆಯನ್ನು ಹಂಚಿಕೊಂಡಿವೆ. ಸೋರಿದ ರಕ್ತ ಆ ಪೊರೆಯ ಗುಂಟ ಶ್ವಾಸಕೋಶಕ್ಕೆ ಹರಡಬಹುದು. ಎಕ್ಸ್‌ರೇಯಲ್ಲಿ ಅದು ನ್ಯುಮೋನಿಯಾದಂತೆ ಕಂಡರೂ ಆಶ್ಚರ್ಯವಿಲ್ಲ. ಔಷಧದ ಚುಚ್ಚುಮದ್ದು ಕೊಡುವ ಮುನ್ನ ತೆಗೆದ ಸಿ.ಟಿ. ಚಿತ್ರದಲ್ಲಿ ಹೊಸದಾಗಿ ಸೋರಿದ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ. ಚುಚ್ಚುಮದ್ದಿನ ನಂತರದ ಚಿತ್ರದಲ್ಲಿ ಸೀಳು, ಮುಚ್ಚಿದ ಕವಲುಗಳು ತಿಳಿಯುತ್ತವೆ. ಒಂದೇ ಸ್ಕ್ಯಾನನ್ನು ಎರಡು ಸಲ ತೆಗೆದರೆಂದು ದೂರುವವರು ಇದನ್ನು ಗಮನಿಸಬೇಕು.

ಕೆಲವೊಮ್ಮೆ ಒಳಪದರ ಸುತ್ತಲೂ ಹರಿದು, ಕಾಲುಚೀಲ ಮಗುಚಿದಂತೆ ನಾಳದೊಳಗೇ ಸೇರಿಬಿಡುತ್ತದೆ. ಆಗ ಸಿ.ಟಿ.ಯಲ್ಲೂ ಹರಿದ ಜಾಗ ಸುಲಭವಾಗಿ ಸಿಗದು. ಬಾಯಿಯ ಮೂಲಕ ಅನ್ನನಾಳಕ್ಕೆ ಕೊಳವೆ ಇಳಿಸಿ ಮಾಡುವ ಎಕೋ ಪರೀಕ್ಷೆಯಲ್ಲಿ ಆ ಪದರ ಅಲುಗಾಡುವುದು ಕಾಣುತ್ತದೆ. ರೋಗಿಯನ್ನು ಹಾಸಿಗೆಯಿಂದ ಕದಲಿಸಲಾಗದಿದ್ದಾಗಲೂ ಇದು ನೆರವಾಗುತ್ತದೆ.

ಚುಚ್ಚುಮದ್ದು ಹೋಗುವಾಗ ಮೈಯೆಲ್ಲ ಬಿಸಿಯಾದಂತಾಗುವುದು ಸಹಜ, ಹೆದರಬೇಡಿ. ಆದರೆ ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆಯ ಮಾತ್ರೆ, ಹಿಂದೆ ಇಂಥ ಚುಚ್ಚುಮದ್ದಿನಿಂದ ಆದ ಅಲರ್ಜಿ, ಗರ್ಭಿಣಿಯಾಗಿರುವ ಸಂಭವ ಇದ್ದರೆ ಮೊದಲೇ ತಿಳಿಸಿ. ಪ್ರಾಣಾಪಾಯವಿದ್ದಾಗ ಮೂತ್ರಪಿಂಡದ ವರದಿಗೂ ಕಾಯದೆ ಸ್ಕ್ಯಾನ್ ಮಾಡಬೇಕಾಗಬಹುದು. ವೈದ್ಯರು ಕೇಳಿದಾಗ ಒಪ್ಪಿಗೆಗೆ ತಡಮಾಡಬೇಡಿ.

ಮನೆಗೆ ಹೋದ ಮೇಲೂ ವೈದ್ಯರು ಹೇಳಿದ ದಿನಕ್ಕೆ ಸ್ಕ್ಯಾನಿಗೆ ಬನ್ನಿ. ನೋವಿಲ್ಲದೆಯೇ ನಾಳ ಹಿಗ್ಗಬಲ್ಲದು. ಹಿಂದಿನ ಫಿಲಂ, ಸಿ.ಡಿ. ತಪ್ಪದೆ ತನ್ನಿ. ಹಳೆಯದರ ಪಕ್ಕದಲ್ಲಿಟ್ಟು ಅಳೆದಾಗಲೇ ಎಷ್ಟು ಹಿಗ್ಗಿದೆಯೆಂಬುದು ಗೊತ್ತಾಗುವುದು.