ವಿಭೂತಿ ಬುಧವಾರ: ಹಣೆಯ ಬೂದಿಯ ಅರ್ಥ

ಕಾಸರಗೋಡಿನ ಲ್ಯಾಟಿನ್ ವಿಧಿಯ ಕಥೋಲಿಕ ಇಗರ್ಜಿಗಳಲ್ಲಿ ವರ್ಷಕ್ಕೊಮ್ಮೆ, ಒಂದು ಬುಧವಾರದಂದು, ಗುರುಗಳು ಭಕ್ತರ ಹಣೆಯ ಮೇಲೆ ಬೂದಿಯಿಂದ ಶಿಲುಬೆಯ ಗುರುತನ್ನಿಡುತ್ತಾರೆ. ಇದೇ ವಿಭೂತಿ ಬುಧವಾರ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಮೊದಲ ದಿನ. ಅಂದಿನಿಂದ ಈಸ್ಟರ್‌ವರೆಗಿನ 46 ದಿನಗಳಲ್ಲಿ 6 ಭಾನುವಾರಗಳನ್ನು ಕಳೆದರೆ 40 ದಿನಗಳು ಉಳಿಯುತ್ತವೆ. ಯೇಸು ಅರಣ್ಯದಲ್ಲಿ ಕೈಗೊಂಡ ನಲವತ್ತು ದಿನಗಳ ಉಪವಾಸವನ್ನು ಈ ಎಣಿಕೆ ನೆನಪಿಸುತ್ತದೆ. ಕೇರಳದ ಸೀರೋ ಮಲಬಾರ್ ಪರಂಪರೆಯವರಲ್ಲಿ ಈ ವ್ರತವು ಎರಡು ದಿನ ಮೊದಲೇ, ಸೋಮವಾರದಂದು, ಆರಂಭವಾಗುತ್ತದೆ.

ಬೂದಿಯ ಮೂಲವೂ ಅರ್ಥಪೂರ್ಣವಾದುದು. ಹಿಂದಿನ ವರ್ಷದ ಗರಿಗಳ ಭಾನುವಾರ ಜಯಘೋಷದೊಡನೆ ಹಿಡಿದ ಗರಿಗಳನ್ನೇ ಸುಟ್ಟು ಅದನ್ನು ಸಿದ್ಧಪಡಿಸುವುದು ವಾಡಿಕೆ. ಬೂದಿಯನ್ನು ಪಶ್ಚಾತ್ತಾಪದ ಗುರುತಾಗಿ ಧರಿಸುವ ಪದ್ಧತಿ ಬೈಬಲಿನ ಹಳೆಯ ಒಡಂಬಡಿಕೆಯಷ್ಟು ಪ್ರಾಚೀನ. ಪ್ರವಾದಿ ಯೋನನ ಎಚ್ಚರಿಕೆಯನ್ನು ಕೇಳಿದ ನಿನೆವೆಯ ಅರಸನು ಸಿಂಹಾಸನದಿಂದಿಳಿದು ಬೂದಿಯಲ್ಲಿ ಕುಳಿತನೆಂಬ ಕಥೆ ಅಲ್ಲಿದೆ. ಕ್ರೈಸ್ತಸಭೆಯ ಆರಂಭದ ಶತಮಾನಗಳಲ್ಲಿ ಘೋರ ಪಾಪಗಳಿಗಾಗಿ ಬಹಿರಂಗ ಪ್ರಾಯಶ್ಚಿತ್ತ ಮಾಡುವವರ ಗುರುತಾಗಿದ್ದ ಬೂದಿಯನ್ನು ಎಲ್ಲರೂ ಸ್ವೀಕರಿಸಬೇಕೆಂದು 1091ರ ಬೆನೆವೆಂಟೊ ಸಭೆಯು ವಿಧಿಸಿತು. ಹೀಗೆ ಕೆಲವರ ಕಳಂಕವು ಸರ್ವರ ಸಮಾನ ಚಿಹ್ನೆಯಾಯಿತು: ಅರಸನೂ ಆಳೂ ಮಣ್ಣಿನಿಂದ ಬಂದವರು, ಮಣ್ಣಿಗೇ ಸೇರುವವರು.

ಇಲ್ಲೊಂದು ವಿರೋಧಾಭಾಸವಿದೆ. ಅಂದಿನ ಪೂಜೆಯಲ್ಲಿ ಓದಲಾಗುವ ಮತ್ತಾಯನ ಶುಭಸಂದೇಶದ ಭಾಗವು ದಾನ, ಪ್ರಾರ್ಥನೆ, ಉಪವಾಸಗಳನ್ನು ಮೆರೆಸದೆ ಗುಟ್ಟಾಗಿ ನಡೆಸಬೇಕೆನ್ನುತ್ತದೆ. ಉಪವಾಸವಿರುವವನು ಮುಖ ತೊಳೆದುಕೊಳ್ಳಲಿ ಎನ್ನುತ್ತದೆ. ಅದನ್ನು ಕೇಳಿದವರೇ ಹಣೆಯಲ್ಲಿ ಎಲ್ಲರಿಗೂ ಕಾಣುವ ಬೂದಿಯನ್ನು ಹೊತ್ತು ಹೊರಬರುತ್ತಾರೆ. ಆಚರಣೆಯು ತನ್ನ ಅಪಾಯವನ್ನು ತಾನೇ ಬಲ್ಲದು: ಹೊರಗಿನ ಗುರುತು ಒಳಗಿನ ಬದಲಾವಣೆಯ ಸ್ಥಾನವನ್ನು ಕಸಿದುಕೊಳ್ಳಬಾರದು.

ಆ ಬದಲಾವಣೆಯ ಸ್ವರೂಪವನ್ನು ಭಾಷೆಯೂ ತಿಳಿಸುತ್ತದೆ. ಪಶ್ಚಾತ್ತಾಪವೆಂದರೆ ನಡೆದುಹೋದುದಕ್ಕಾಗಿ ಆ ಬಳಿಕ ಹುಟ್ಟುವ ತಾಪ, ಅಂದರೆ ಒಳಗಿನ ಬೇಗೆ. ಬೈಬಲಿನ ಗ್ರೀಕ್ ಮೂಲದಲ್ಲಿರುವ ‘ಮೆಟಾನೋಯಾ’ ಶಬ್ದಕ್ಕೆ ಮನಸ್ಸು ತಿರುಗುವುದು ಎಂಬರ್ಥ. ಮೊದಲನೆಯದು ಕಳೆದುದನ್ನು ನೋಡಿದರೆ ಎರಡನೆಯದು ಮುಂದಿನ ದಾರಿಯನ್ನು ನೋಡುತ್ತದೆ. ವಿಭೂತಿ ಬುಧವಾರಕ್ಕೆ ಎರಡೂ ಬೇಕು. ಆದ್ದರಿಂದಲೇ ಅಂದು 18ರಿಂದ 59 ವರ್ಷದೊಳಗಿನವರಿಗೆ ಒಂದೇ ಪೂರ್ಣ ಊಟದ ನಿಯಮವಿದ್ದರೂ ಉಪವಾಸವೊಂದೇ ಸಾಲದು. ಅದರೊಡನೆ ಪ್ರಾರ್ಥನೆಯೂ ದಾನವೂ ಕೂಡಬೇಕು. ತಾನು ಬಿಟ್ಟ ತುತ್ತು ಹಸಿದವನನ್ನು ತಲುಪಿದಾಗ ಮನಸ್ಸು ನಿಜವಾಗಿ ತಿರುಗಿತೆನ್ನಬಹುದು. ಹಣೆಯ ಬೂದಿ ಸಂಜೆಗೆ ಅಳಿಸಿಹೋಗುತ್ತದೆ. ಮುಂದಿನ ನಲವತ್ತು ದಿನಗಳು ಆ ತಿರುವನ್ನು ಪರೀಕ್ಷಿಸುತ್ತವೆ.